ಅಪಘಾತವಾದ ಮೇಲಿನ ಮನೆ: ಇಂಥ ಕಾದಂಬರಿ ಬರೆಯುವ ಬಗೆ

ಕಾರು ಅಪಘಾತದಲ್ಲಿ ಮನೆಯವರೊಬ್ಬರು ತೀರಿಕೊಂಡ ಮೇಲೆ ಉಳಿದವರು ಹೇಗೆ ಬದುಕಿದರು ಎಂಬ ಕಾದಂಬರಿಗೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ಅಪಘಾತವನ್ನೇ ಬರೆಯುತ್ತಾರೆ. ಮಳೆ, ಕತ್ತಲು, ಎದುರಿಗೆ ಲಾರಿಯ ದೀಪ. ಹದಿನೈದು ಪುಟವಾಗುವಷ್ಟರಲ್ಲಿ ಕೈ ನಿಂತುಹೋಗುತ್ತದೆ. ಅಪಘಾತ ನಡೆಯುವುದು ಮೂರು ನಾಲ್ಕು ಸೆಕೆಂಡು. ಮನೆಯವರು ಅದರ ಜೊತೆ ಬಾಳುವುದು ಹನ್ನೊಂದು ದಿನದ ತಿಥಿ, ಆರು ತಿಂಗಳ ಅರ್ಜಿ, ವರ್ಷದ ತಿಥಿ, ಮತ್ತೆ ಎಷ್ಟೋ ವರ್ಷಗಳ ಕೋರ್ಟು. ಕಥೆ ಇರುವುದು ಅಲ್ಲಿ. ಅಲ್ಲಿಗೆ ತಲುಪಬೇಕಾದರೆ ಮೊದಲ ವಾಕ್ಯಕ್ಕೂ ಮುಂಚೆ ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು: ಕಾರು ಓಡಿಸುತ್ತಿದ್ದವರು ಯಾರು, ಆರ್‌ಸಿ ಯಾರ ಹೆಸರಲ್ಲಿದೆ, ವಿಮೆ ಯಾವ ಬಗೆಯದು, ಯಾರು ಯಾವ ಸೀಟಿನಲ್ಲಿ ಕೂತಿದ್ದರು, ಜಾಗ ಯಾವ ಠಾಣೆಯ ಸರಹದ್ದು, ಎಷ್ಟು ಹೊತ್ತಿಗೆ, ಜೀವ ಹೋಗಿದ್ದು ಎಲ್ಲಿ. ಇವುಗಳಲ್ಲಿ ಒಂದು ಬದಲಾದರೂ ಆ ಮನೆಯ ಮುಂದಿನ ಐದು ವರ್ಷ ಬದಲಾಗುತ್ತದೆ.

ಕೆಳಗೆ ಹೇಳಿರುವುದೆಲ್ಲ ಕರ್ನಾಟಕದಲ್ಲಿ, 2024ರ ಜುಲೈ 1ರ ನಂತರ, ಅಂದರೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ನಡೆಯುವ ಕಥೆಗೆ. ಅದಕ್ಕೂ ಹಿಂದಿನ ಕಥೆಯಾದರೆ ಪೊಲೀಸರ ಬಾಯಲ್ಲಿ ಹಳೆಯ ದಂಡ ಸಂಹಿತೆಯ 279 (ಅಜಾಗರೂಕ ಚಾಲನೆ), 304ಎ (ನಿರ್ಲಕ್ಷ್ಯದಿಂದ ಸಾವು) ಬರಬೇಕು. ಈಗಿನದಾದರೆ 281, 106(1). ಠಾಣೆಯಲ್ಲಿ ಕೂತ ಅಪ್ಪನ ಕಿವಿಗೆ ಬೀಳುವುದು ಈ ಸಂಖ್ಯೆಗಳೇ, ಅವು ತಪ್ಪಾದರೆ ತಿಳಿದ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಸ್ಟೇರಿಂಗ್ ಹಿಡಿದಿದ್ದವರು ಯಾರು

ಹಾಳೆಯ ಮೇಲಿನ ಎಲ್ಲ ಪ್ರಶ್ನೆಗಳಿಗಿಂತ ಇದಕ್ಕೆ ಹೆಚ್ಚು ಸಮಯ ಕೊಡಿ. ಬಹಳಷ್ಟು ಹಸ್ತಪ್ರತಿಗಳು ಎಡವುವುದೂ ಇಲ್ಲೇ. ಬೇರೆ ವಾಹನದ ತಪ್ಪಿನಿಂದ ಸಾವಾಯಿತು ಎಂದಿಟ್ಟರೆ ಮನೆಯವರ ಕೋಪಕ್ಕೆ ಹೊರಗೊಬ್ಬ ಸಿಗುತ್ತಾನೆ, ದುಃಖ ಒಂದೇ ದಿಕ್ಕಿಗೆ ಹರಿಯುತ್ತದೆ. ಅದು ಕಾದಂಬರಿಕಾರನಿಗೆ ಸುಲಭದ ದಾರಿ. ಓಡಿಸುತ್ತಿದ್ದವರು ಮನೆಯವರೇ ಆದರೆ ಕೋಪ ಮನೆಯೊಳಗೇ ಸುತ್ತುತ್ತದೆ.

ಓಡಿಸುತ್ತಿದ್ದ ಅಪ್ಪನೇ ತೀರಿಕೊಂಡ, ಕಾರು ತಾನಾಗಿ ಪಲ್ಟಿಯಾಯಿತು, ತಪ್ಪು ಅವನದೇ ಎಂದುಕೊಳ್ಳಿ. ಆಗ ಥರ್ಡ್ ಪಾರ್ಟಿ ವಿಮೆಯಿಂದ ಹೆಂಡತಿ ಮಕ್ಕಳಿಗೆ ಪರಿಹಾರ ಬರುವುದಿಲ್ಲ. ತನ್ನ ತಪ್ಪಿನಿಂದಲೇ ಸತ್ತವನ ವಾರಸುದಾರರು ಆ ತಪ್ಪಿಗೆ ಪರಿಹಾರ ಕೇಳುವಂತಿಲ್ಲ. ಅರಸೀಕೆರೆಗೆ ಹೋಗುವ ದಾರಿಯಲ್ಲಿ 2014ರ ಜೂನ್‌ನಲ್ಲಿ ಕಾರು ಪಲ್ಟಿಯಾಗಿ ಚಾಲಕ ತೀರಿಕೊಂಡ ಪ್ರಕರಣದಲ್ಲಿ ಮನೆಯವರು 80 ಲಕ್ಷ ರೂಪಾಯಿ ಕೇಳಿದ್ದರು. ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿ, ಹೈಕೋರ್ಟ್ ಎರಡೂ ಒಪ್ಪಲಿಲ್ಲ, ಕೊನೆಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಸಾವಿಗೂ ಕೊನೆಯ ಆದೇಶಕ್ಕೂ ನಡುವೆ ಹನ್ನೊಂದು ವರ್ಷ. ಅಷ್ಟರಲ್ಲಿ ಒಂದನೇ ತರಗತಿಯ ಮಗು ಪಿಯುಸಿ ಸೇರಿರುತ್ತದೆ. ಕಾದಂಬರಿಯ ಕಾಲವನ್ನು ಹೀಗೆ ಅಳೆಯಿರಿ.

ಇಂಥ ಮನೆಗೆ ಉಳಿಯುವುದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆಯ 15 ಲಕ್ಷ. ಅದಕ್ಕೂ ಷರತ್ತುಗಳಿವೆ. ಆರ್‌ಸಿ ಅವನ ಹೆಸರಲ್ಲೇ ಇರಬೇಕು, ಡಿಎಲ್ ಚಾಲ್ತಿಯಲ್ಲಿರಬೇಕು. ಕಾರು ಹೆಂಡತಿಯ ಹೆಸರಲ್ಲಿದ್ದು ಗಂಡ ಓಡಿಸುತ್ತಿದ್ದರೆ ಆ ಹಣ ಅವನ ಸಾವಿಗೆ ಸಿಗುವುದಿಲ್ಲ. ಸಾಲ ಸುಲಭವಾಗಿ ಸಿಗಲಿ ಎಂದು ಹೆಂಡತಿಯ ಹೆಸರಲ್ಲಿ ಕಾರು ಕೊಂಡದ್ದು, ಅವಳು ಖುಷಿಯಿಂದ ಸಹಿ ಹಾಕಿದ್ದು, ಈಗ ಅದೇ ಸಹಿ ಅವಳನ್ನು ಕಾಡುವುದು: ಒಂದು ಅಧ್ಯಾಯಕ್ಕೆ ಇಷ್ಟು ಸಾಕು.

ಇನ್ನೊಂದು ಬಗೆ, ಎಲ್ಲಕ್ಕಿಂತ ಕಠಿಣವಾದದ್ದು. ಅಣ್ಣ ಓಡಿಸುತ್ತಿದ್ದ, ಪಕ್ಕದಲ್ಲಿ ಕೂತ ತಮ್ಮ ಸತ್ತ, ಅಣ್ಣ ಉಳಿದ. ಕಾರಿಗೆ ಪ್ಯಾಕೇಜ್ ಪಾಲಿಸಿ (ಸ್ವಂತ ಕಾರಿನ ಹಾನಿಯೂ ಸೇರಿದ ಪೂರ್ಣ ವಿಮೆ) ಇದ್ದರೆ ಒಳಗೆ ಕೂತವರಿಗೂ ವಿಮೆ ಅನ್ವಯಿಸುತ್ತದೆ, ಹಾಗಾಗಿ ತಮ್ಮನ ಹೆಂಡತಿ ಪರಿಹಾರ ಕೇಳಬಹುದು. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಖಾಸಗಿ ಕಾರಿನೊಳಗಿನವರಿಗೆ ವಿಮಾ ಕಂಪನಿ ಹೊಣೆಯಲ್ಲ. ಪ್ಯಾಕೇಜ್ ಇದೆ ಎಂದೇ ಇಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿ ನಿಲ್ಲಬೇಕಾದರೆ ಚಾಲಕನ ತಪ್ಪು ರುಜುವಾತಾಗಬೇಕು. ಅಂದರೆ ತಮ್ಮನ ಹೆಂಡತಿ, ಒಂದೇ ಮನೆಯಲ್ಲಿ ಊಟ ಮಾಡುವ ಭಾವನ ಮೇಲೆ, ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿದ’ ಎಂದು ಪ್ರಮಾಣ ಮಾಡಿ ಹೇಳಬೇಕು. ವಕೀಲರು ಇದನ್ನು ಬರೀ ಕಾಗದದ ಮಾತು ಎಂದು ಸಮಾಧಾನ ಹೇಳುತ್ತಾರೆ. ಅತ್ತೆಗೆ ಅದು ಕಾಗದದ ಮಾತಾಗಿ ಕೇಳುವುದಿಲ್ಲ: ಒಬ್ಬ ಮಗನನ್ನು ಕಳಕೊಂಡವಳು ಇನ್ನೊಬ್ಬ ಮಗ ತಪ್ಪಿತಸ್ಥ ಎಂದು ಸೊಸೆಯ ಬಾಯಲ್ಲಿ ಕೇಳಬೇಕು, ಮೊಮ್ಮಕ್ಕಳ ಓದಿಗೆ ಆ ಹಣವೂ ಬೇಕು.

ಈ ಅಣ್ಣನನ್ನು ತಿಂಗಳುಗಟ್ಟಲೆ ಜೈಲಿನಲ್ಲಿ ಕೂರಿಸುವ ತಪ್ಪು ಮಾಡಬೇಡಿ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ 106(1)ಕ್ಕೆ ಐದು ವರ್ಷದವರೆಗೆ ಶಿಕ್ಷೆಯಿದ್ದರೂ ಅದು ಜಾಮೀನು ಸಿಗುವ ಅಪರಾಧ. ಠಾಣೆಯಿಂದಲೇ ಬಿಡುಗಡೆಯಾಗಿ ಅವನು ತಮ್ಮನ ಮಣ್ಣಿಗೆ ಬರಬಹುದು. ಬಂದಾಗ ಜನ ದಾರಿ ಬಿಡುವ ರೀತಿಯನ್ನು ಬರೆಯಿರಿ. ಜೈಲಿನ ದೃಶ್ಯಕ್ಕಿಂತ ಅದು ಭಾರವಾಗಿರುತ್ತದೆ.

ಜಾಗ, ಹೊತ್ತು, ವೇಗ

ನಿಜವಾದ ರಸ್ತೆಯನ್ನು ಆರಿಸಿ ಒಮ್ಮೆಯಾದರೂ ಅದೇ ಹೊತ್ತಿಗೆ ಅಲ್ಲಿ ಹೋಗಿ ಬನ್ನಿ. ಶಿರಾಡಿ ಘಾಟಿಯ ತಿರುವಿನ ಅಪಘಾತ ಬೇರೆ, ಬೆಂಗಳೂರು–ಮೈಸೂರು ಹೆದ್ದಾರಿಯ ನೇರ ದಾರಿಯ ಅಪಘಾತ ಬೇರೆ, ಮಂಡ್ಯ ಸೀಮೆಯಲ್ಲಿ ತಡೆಗೋಡೆಯಿಲ್ಲದ ವಿಶ್ವೇಶ್ವರಯ್ಯ ನಾಲೆಗೆ ಕಾರು ಬೀಳುವುದು ಇನ್ನೂ ಬೇರೆ. ನಾಲೆಯಾದರೆ ನೀರು ನಿಲ್ಲಿಸಬೇಕು, ಕ್ರೇನು ಬರಬೇಕು, ದಡದಲ್ಲಿ ಊರು ಸೇರುತ್ತದೆ. ಮನೆಯವರು ಗಂಟೆಗಟ್ಟಲೆ ಕಾಯುತ್ತಾರೆ, ಅಷ್ಟು ಹೊತ್ತೂ ಆಸೆ ಇರುತ್ತದೆ. ದಿನದ ಬೇರೆ ಹೊತ್ತುಗಳಿಗಿಂತ ಸಂಜೆ 6ರಿಂದ 9ರ ನಡುವೆ ದೇಶದಲ್ಲಿ ರಸ್ತೆ ಅಪಘಾತಗಳು ಹೆಚ್ಚು. ನಡುರಾತ್ರಿ ಎಂದಿಡಲು ನಿಮಗೆ ಕಾರಣ ಬೇಕು.

ವೇಗವನ್ನು ಲೆಕ್ಕ ಹಾಕಿ ಬರೆಯಿರಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಂಡ ಮೇಲೆ ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತು ಎಂದರೆ 28 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 50–60 ಮೀಟರ್. ಹಾಗಾಗಿ ‘ಇಪ್ಪತ್ತು ಅಡಿ ದೂರದಲ್ಲಿ ಲಾರಿ ಕಂಡಿತು, ಅವನಿಗೆ ತನ್ನ ಬಾಲ್ಯವೆಲ್ಲ ನೆನಪಾಯಿತು’ ಎಂದು ಬರೆದರೆ ಆರು ಮೀಟರಿಗೆ ಕಾಲು ಸೆಕೆಂಡೂ ಇರುವುದಿಲ್ಲ ಎಂಬುದು ನೆನಪಿರಲಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ, ಬೆಲ್ಟು ಹಾಕದವರನ್ನು ಅದು ಸರಿಯಾಗಿ ಕಾಯುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂತವರು ಮುಂದಿನವರ ಮೇಲೇ ಬಂದು ಬೀಳುತ್ತಾರೆ. ಹಿಂದೆ ಕೂತಿದ್ದು ಅಜ್ಜಿ, ಮುಂದೆ ಮೊಮ್ಮಗಳು ಎಂದಾದರೆ ಈ ಸಂಗತಿಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಅಪಘಾತದ ದೃಶ್ಯಕ್ಕೆ ಎರಡು ಪುಟ ಬೇಕಾದಷ್ಟಾಯಿತು. ರಕ್ತದ ವರ್ಣನೆಯನ್ನು ಕಡಿಮೆ ಮಾಡಿ, ಆಮೇಲಿನ ಸದ್ದು ವಾಸನೆಗಳನ್ನು ಹಿಡಿಯಿರಿ: ಅಂಟಿಕೊಂಡು ಕೂಗುತ್ತಲೇ ಇರುವ ಹಾರನ್ನು, ರೇಡಿಯೇಟರಿನಿಂದ ಸೋರಿದ ಕೂಲಂಟಿನ ಸಿಹಿ ವಾಸನೆ, ಏರ್‌ಬ್ಯಾಗಿನ ಬಿಳಿ ಹುಡಿ, ಕಲ್ಲುಸಕ್ಕರೆಯಂತೆ ಚೆಲ್ಲಿದ ಕಿಟಕಿ ಗಾಜು. ತಲೆಗೆ ಪೆಟ್ಟು ಬಿದ್ದು ಉಳಿದವರಿಗೆ ಆ ಹೊತ್ತಿನ ನೆನಪು ಹಲವೊಮ್ಮೆ ಇರುವುದೇ ಇಲ್ಲ, ಮುಂದೆ ಮರಳುವುದೂ ಇಲ್ಲ. ಕೊನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಎಲ್ಲವೂ ಸಿನಿಮಾದ ಹಾಗೆ ನೆನಪಾಗಿ ಸತ್ಯ ಹೊರಬೀಳುವುದು ಬೇಡ. ಏನಾಯಿತೆಂದು ನೆನಪಿಲ್ಲದವನ ಮುಂದೆ ಎಲ್ಲರೂ ಏನಾಯಿತೆಂದು ಕೇಳುತ್ತಿರುವುದೇ ಅವನ ಕಥೆ.

ಮೊದಲ ಇಪ್ಪತ್ತನಾಲ್ಕು ಗಂಟೆ

ಸುದ್ದಿ ಮನೆಗೆ ಬರುವ ಬಗೆಯನ್ನು ಗಮನಿಸಿ. ದಾರಿಹೋಕರು ಸತ್ತವರ ಮೊಬೈಲಿನಲ್ಲಿ ಕೊನೆಗೆ ಮಾತಾಡಿದ ನಂಬರಿಗೆ ಫೋನು ಮಾಡುತ್ತಾರೆ. ಅದು ಹೆಂಡತಿಯದೇ ಆಗಬೇಕೆಂದಿಲ್ಲ; ಟೈರು ಅಂಗಡಿಯವನದಿರಬಹುದು, ಆಫೀಸಿನವರದಿರಬಹುದು. ಫೋನಿನಲ್ಲಿ ಯಾರೂ ‘ಸತ್ತರು’ ಎನ್ನುವುದಿಲ್ಲ. ‘ಸ್ವಲ್ಪ ಸೀರಿಯಸ್ಸಿದೆ, ಗಂಡಸರು ಯಾರಾದ್ರೂ ಇದ್ರೆ ಬನ್ನಿ’ ಎನ್ನುತ್ತಾರೆ. ಈ ಮಾತಿನ ಅರ್ಥ ಮನೆಯ ಹಿರಿಯರಿಗೆ ತಕ್ಷಣ ಆಗುತ್ತದೆ. ಅವರು ಕಾರಿನಲ್ಲಿ ನೂರು ಕಿ.ಮೀ. ಹೋಗುವಾಗ ಉಳಿದವರಿಗೆ ಹೇಳದೆ ಕೂತಿರುತ್ತಾರೆ. ಆ ಪ್ರಯಾಣ ಇಡೀ ಅಧ್ಯಾಯಕ್ಕೆ ಆಗುತ್ತದೆ.

ಇನ್ನು ಆಸ್ಪತ್ರೆ. 108ರಲ್ಲಿ ತಂದದ್ದು ಅಪಘಾತದ ಪ್ರಕರಣವಾದ್ದರಿಂದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ಆಸ್ಪತ್ರೆಯ ದಾಖಲೆ) ಆಗುತ್ತದೆ, ಠಾಣೆಗೆ ಮೆಮೊ ಹೋಗುತ್ತದೆ. ದಾರಿಯಲ್ಲೇ ಜೀವ ಹೋಗಿದ್ದರೆ ದೇಹ ನೇರ ಶವಾಗಾರಕ್ಕೆ. ಅಲ್ಲಿಂದ ಮುಂದೆ ನಡೆಯುವ ಕ್ರಮ: ಮನೆಯವರೊಬ್ಬರು ಗುರುತಿಸಬೇಕು, ಒಬ್ಬರು ಫಿರ್ಯಾದು ಬರೆದುಕೊಡಬೇಕು, ಅದರ ಮೇಲೆ ಎಫ್‌ಐಆರ್, ಪೊಲೀಸರು ಪಂಚರ ಎದುರು ಶವದ ಪಂಚನಾಮೆ ಮಾಡಬೇಕು, ಆಮೇಲೆ ಮರಣೋತ್ತರ ಪರೀಕ್ಷೆ, ಕೊನೆಗೆ ಸಹಿ ಹಾಕಿಸಿಕೊಂಡು ದೇಹ, ಒಡವೆ, ವಾಚು, ಪರ್ಸು ಒಪ್ಪಿಸುವುದು. ಕತ್ತಲಾದ ಮೇಲೂ ಪೋಸ್ಟ್‌ಮಾರ್ಟಮ್ ಮಾಡಬಹುದೆಂದು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಹೇಳಿತು, ಆದರೆ ಅದಕ್ಕೆ ಬೇಕಾದ ಬೆಳಕು, ಸಿಬ್ಬಂದಿ ಇರುವ ಆಸ್ಪತ್ರೆಗಳಲ್ಲಿ ಮಾತ್ರ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎಂಟಕ್ಕೆ ತಂದ ದೇಹಕ್ಕೆ ಬೆಳಿಗ್ಗೆವರೆಗೂ ಕಾಯಬೇಕಾಗಬಹುದು. ರಸ್ತೆಯಿಂದ ನೇರ ಮನೆಯ ಅಂಗಳಕ್ಕೆ ಹೆಣ ತರುವ ದೃಶ್ಯ ಬರೆದಿದ್ದರೆ ತೆಗೆದುಹಾಕಿ. ಆ ರಾತ್ರಿ ಶವಾಗಾರದ ಹೊರಗಿನ ಕಲ್ಲುಬೆಂಚಿನ ಮೇಲೆ ಮಾವ, ಭಾವಮೈದ, ಊರಿನ ಇಬ್ಬರು ಕೂತು ಏನು ಮಾತಾಡಿದರು ಎಂಬುದನ್ನು ಅದರ ಜಾಗದಲ್ಲಿಡಿ. ಅವರು ಸಾವಿನ ಬಗ್ಗೆ ಮಾತಾಡುವುದಿಲ್ಲ. ಟೀ ಎಲ್ಲಿ ಸಿಗುತ್ತದೆ, ಆಂಬುಲೆನ್ಸಿನವನು ಎಷ್ಟು ಕೇಳಿದ, ಕೂಸಿಗೆ ಯಾರು ಹೇಳಬೇಕು ಎಂದು ಮಾತಾಡುತ್ತಾರೆ.

ಫಿರ್ಯಾದು ಕೊಡುವವರು ಆ ಹೊತ್ತಿನಲ್ಲಿ ಓದದೆ ಸಹಿ ಹಾಕುತ್ತಾರೆ. ಠಾಣೆಯವರು ಬರೆದ ಸಿದ್ಧ ವಾಕ್ಯಗಳಲ್ಲಿ ಓಡಿಸುತ್ತಿದ್ದವರ ಹೆಸರು ತಪ್ಪಾಗಿರಬಹುದು, ಹೊತ್ತು ತಪ್ಪಾಗಿರಬಹುದು. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಅದೇ ವಾಕ್ಯ ಹಿಡಿದು ಕೇಳುತ್ತಾರೆ. ಕಥೆಯಲ್ಲಿ ಗುಟ್ಟೊಂದು ಬೇಕಿದ್ದರೆ ಹೊರಗಿನಿಂದ ತರಬೇಡಿ, ಈ ಸಹಿ ಸಾಕು.

ಸಾವು ನಾಲ್ಕೈದು ದಿನ ತಡವಾಗಿ ಬರುವ ಕಥೆಯೂ ಉಂಟು. ಮಿದುಳು ಸಾವೆಂದು ಘೋಷಿಸಲು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ಮಾಡಬೇಕು. ಅಂಗಾಂಗ ದಾನದ ಮಾತು ಬರುವುದು ಇಂಥ ಹೊತ್ತಿನಲ್ಲೇ. ಕರ್ನಾಟಕದಲ್ಲಿ ಅದನ್ನು ನಡೆಸುವ ವ್ಯವಸ್ಥೆಗೆ ಜೀವಸಾರ್ಥಕತೆ ಎಂದು ಹೆಸರು. ಎದೆ ಏರಿಳಿಯುತ್ತಿದೆ, ಮೈ ಬಿಸಿಯಿದೆ, ಸತ್ತಿದ್ದಾನೆ ಎನ್ನುತ್ತಾರೆ. ತಾಯಿಗೆ ಇದನ್ನು ನಂಬುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಆ ಆರು ಗಂಟೆಗಳನ್ನು ಪೂರ್ತಿ ಕೊಡಿ. ದಾನ ಮಾಡಿದರೂ ಅಪಘಾತದ ಸಾವಾದ್ದರಿಂದ ಪೊಲೀಸರ ಪಂಚನಾಮೆ ತಪ್ಪುವುದಿಲ್ಲ.

ಹನ್ನೊಂದು ದಿನ

ಇಲ್ಲಿ ಒಂದೇ ಮನೆಯ ಪದ್ಧತಿಯನ್ನು ಹಿಡಿದು ಬರೆಯಿರಿ. ಮಂಡ್ಯ–ಹಾಸನದ ಒಕ್ಕಲಿಗರ ಮನೆಯಾದರೆ ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ. ಬ್ರಾಹ್ಮಣರಲ್ಲಿ ಹತ್ತನೇ ದಿನದ ಧರ್ಮೋದಕ, ಹನ್ನೆರಡರ ಸಪಿಂಡೀಕರಣ, ಹದಿಮೂರರ ವೈಕುಂಠ ಸಮಾರಾಧನೆ. ಲಿಂಗಾಯತರು ಕೂರಿಸಿ ಸಮಾಧಿ ಮಾಡುತ್ತಾರೆ, ಆಮೇಲೆ ಶಿವಗಣಾರಾಧನೆ. ತುಳುನಾಡಿನಲ್ಲಿ ಬೊಜ್ಜ. ಮುಸ್ಲಿಂ ಮನೆಯಲ್ಲಿ ಹೆಂಡತಿಯ ಇದ್ದತ್ತು, ಅಂದರೆ ಗಂಡ ಸತ್ತ ಮೇಲಿನ ಕಾಯುವ ಅವಧಿ, ನಾಲ್ಕು ತಿಂಗಳು ಹತ್ತು ದಿನ. ಹಲವು ಹಸ್ತಪ್ರತಿಗಳಲ್ಲಿ ಇವೆಲ್ಲ ಕಲಸಿಹೋಗಿ, ಹೂಳುವ ಮನೆಯಲ್ಲಿ ಚಿತೆ ಉರಿಯುತ್ತದೆ.

ಅಪಘಾತದ ಸಾವು ಈ ಕ್ರಮಗಳನ್ನೆಲ್ಲ ಕೆಡಿಸುತ್ತದೆ, ನೀವು ಬರೆಯಬೇಕಾದ್ದು ಆ ಕೆಡುಕನ್ನು. ಪರೀಕ್ಷೆ ಮುಗಿದ ದೇಹ ಬಟ್ಟೆ ಸುತ್ತಿ ಬರುತ್ತದೆ, ಮುಖವಷ್ಟೇ ಕಾಣುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಮೀಯಿಸುವುದು ನೀರು ಚಿಮುಕಿಸುವುದಕ್ಕೆ ನಿಲ್ಲುತ್ತದೆ. ಕೂರಿಸಬೇಕಾದ ಮನೆಯಲ್ಲಿ, ಶವಾಗಾರದಲ್ಲಿ ರಾತ್ರಿ ಕಳೆದ ದೇಹ ಬಿಗಿದಿರುತ್ತದೆ. ಕೆಲವು ಮನೆಗಳಲ್ಲಿ ದಾರಿಯಲ್ಲಿ ಹೋದ ಜೀವವನ್ನು ಹೊಸ್ತಿಲೊಳಗೆ ತರುವುದಿಲ್ಲ, ಅಂಗಳದಲ್ಲೇ ಇಳಿಸುತ್ತಾರೆ. ತಾನು ಕಟ್ಟಿದ ಮನೆಗೆ ಅವನು ಕೊನೆಗೊಮ್ಮೆ ಕಾಲಿಡಲಿಲ್ಲ ಎಂದು ಹೆಂಡತಿ ವರ್ಷಗಟ್ಟಲೆ ನೊಂದುಕೊಳ್ಳುತ್ತಾಳೆ. ಧನಿಷ್ಠಾ ಪಂಚಕದಲ್ಲಿ, ಅಂದರೆ ಅಶುಭವೆನ್ನುವ ಐದು ನಕ್ಷತ್ರಗಳ ಹೊತ್ತಿನಲ್ಲಿ, ಸಾವಾದರೆ ಕೆಲವು ತಿಂಗಳು ಮನೆ ಬಿಡಬೇಕೆಂಬ ನಂಬಿಕೆಯಿದೆ. ಪ್ರಾಣ ಹೋಗಿದ್ದು ಹೆದ್ದಾರಿಯಲ್ಲಿ, ಮನೆಗೇನು ದೋಷ ಎಂದು ಒಬ್ಬರು, ಯಾಕೆ ಬೇಕು ಬಿಟ್ಟುಬಿಡಿ ಎಂದು ಇನ್ನೊಬ್ಬರು. ಇಎಂಐ ಕಟ್ಟುತ್ತಿರುವ ಮನೆ ಬಿಟ್ಟು ಬಾಡಿಗೆಗೆ ಹೋಗುವ ದುಡ್ಡು ಎಲ್ಲಿಂದ?

ಆ ಹನ್ನೊಂದು ದಿನ ಮನೆಯಲ್ಲಿ ಜನವೋ ಜನ. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ತರುತ್ತಾರೆ, ‘ಒಂದ್ ತುತ್ತು ಉಣ್ಣವ್ವ, ಮಕ್ಕಳ ಮುಖ ನೋಡಿ ಉಣ್ಣು’ ಎನ್ನುತ್ತಾರೆ, ಪಾತ್ರೆ ಯಾರದ್ದೆಂದು ಗುರುತು ಸಿಗದೆ ಅಡುಗೆಮನೆಯಲ್ಲಿ ಉಳಿಯುತ್ತವೆ. ತಿಥಿಗೆ ಐನೂರು ಎಲೆ ಹಾಕಬೇಕೋ ಇನ್ನೂರು ಸಾಕೋ ಎಂಬ ಮಾತಿನಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಹಳೆಯ ಲೆಕ್ಕ ಹೊರಬರುತ್ತದೆ. ಹನ್ನೆರಡನೇ ದಿನ ಶಾಮಿಯಾನ ಬಿಚ್ಚುತ್ತಾರೆ. ಬಾಡಿಗೆ ಕುರ್ಚಿಗಳು ಟೆಂಪೊ ಏರುತ್ತವೆ. ಕಾದಂಬರಿಯ ಎರಡನೇ ಭಾಗ ಆರಂಭವಾಗಬೇಕಾದ್ದು ಅಲ್ಲಿ, ಖಾಲಿ ಹಜಾರದಲ್ಲಿ, ಯಾರದ್ದೋ ಮೂರು ಪಾತ್ರೆಗಳ ಜೊತೆ.

ಕಾಗದದ ಕ್ಯಾಲೆಂಡರು

ದುಃಖಕ್ಕೆ ಗಡುವಿಲ್ಲ, ಕಾಗದಕ್ಕೆ ಉಂಟು. ಕಥೆ ಮುಂದೆ ಹೋಗದೆ ನಿಂತಾಗ ಈ ಗಡುವುಗಳೇ ಪಾತ್ರಗಳನ್ನು ಎಬ್ಬಿಸಿ ಹೊರಗೆ ಕಳಿಸುತ್ತವೆ. ಸಾವಿನ ನೋಂದಣಿ 21 ದಿನದೊಳಗೆ, ಅದೂ ಸಾವಾದ ಜಾಗದಲ್ಲಿ. ಹಾಸನದಲ್ಲಿ ತೀರಿಕೊಂಡವರ ಮರಣ ಪತ್ರ ದಾವಣಗೆರೆಯ ಮನೆಯ ವಾರ್ಡಿನಲ್ಲಿ ಸಿಗುವುದಿಲ್ಲ. ವಂಶವೃಕ್ಷಕ್ಕೆ ನಾಡಕಚೇರಿ. ಜಮೀನಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ, ಅಲ್ಲಿ ಅಕ್ಕತಂಗಿಯರ ಒಪ್ಪಿಗೆಯ ಮಾತು ಬರುತ್ತದೆ. ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ಸವಿವರ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕೆಂಬುದು 2022ರಿಂದ ಇರುವ ನಿಯಮ. ಪರಿಹಾರದ ಅರ್ಜಿಗೆ ಅಪಘಾತವಾದ ದಿನದಿಂದ ಆರು ತಿಂಗಳ ಮಿತಿ 2022ರ ಏಪ್ರಿಲ್ 1ರಿಂದ ಬಂದಿದೆ, ಅದನ್ನು ಪ್ರಶ್ನಿಸಿ ಮೊಕದ್ದಮೆಗಳೂ ನಡೆದಿವೆ. ಗುದ್ದಿದ ವಾಹನ ಸಿಗದೇ ಹೋದರೆ ದಾರಿ ಬೇರೆ: ಸಾವಿಗೆ ನಿಗದಿಯಾದ 2 ಲಕ್ಷ, ಅಷ್ಟೆ.

ಕ್ರಿಮಿನಲ್ ಪ್ರಕರಣ ಅಪಘಾತವಾದ ಊರಿನ ಕೋರ್ಟಿನಲ್ಲಿ ನಡೆಯುತ್ತದೆ. ಪರಿಹಾರದ ಅರ್ಜಿಯನ್ನು ಮನೆಯವರು ತಾವಿರುವ ಊರಿನಲ್ಲೂ ಹಾಕಬಹುದು. ಎರಡಕ್ಕೂ ಒಂದೇ ಕೋರ್ಟು ಎಂದು ಬರೆದುಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಪರಿಹಾರದ ಪ್ರಕರಣಕ್ಕೆ ವಕೀಲರು ಎಂವಿಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇವು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯುತ್ತವೆ. ವಿಚಾರಣೆ ಬಹಿರಂಗವಾಗಿಯೇ ಇರುತ್ತದೆ. ಎರಡು ಬೆಳಗ್ಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬನ್ನಿ. ಕಂಡ ಮನೆಗಳ ಹೆಸರು, ಊರು, ವಿವರಗಳನ್ನು ಮಾತ್ರ ಎತ್ತಿಕೊಳ್ಳಬೇಡಿ, ಅವರ ದುಃಖ ಅವರದು.

ಪರಿಹಾರದ ಲೆಕ್ಕ ನಿಮಗೆ ಬರಲೇಬೇಕು, ಯಾಕೆಂದರೆ ಒಂದು ಜೀವಕ್ಕೆ ಬೆಲೆ ಕಟ್ಟುವುದನ್ನು ಮನೆಯವರು ಕೂತು ಕೇಳುವ ದೃಶ್ಯ ಇದು. ಸತ್ತವನಿಗೆ 38 ವರ್ಷ, ಸ್ವಂತ ವರ್ಕ್‌ಶಾಪು, ತಿಂಗಳ ದುಡಿಮೆ 20,000 ಎಂದು ಕೋರ್ಟು ಒಪ್ಪಿತು ಎನ್ನಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಮುಂದೆ ದುಡಿಮೆ ಹೆಚ್ಚುತ್ತಿತ್ತು ಎಂದು, ನಲವತ್ತರೊಳಗಿನ ಸ್ವಂತ ಉದ್ಯೋಗಿಗೆ ಶೇ 40 ಸೇರಿಸುತ್ತಾರೆ: 28,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ: 21,000. ವರ್ಷಕ್ಕೆ 2,52,000. 36ರಿಂದ 40ರ ವಯಸ್ಸಿಗೆ ಗುಣಕ 15, ಗುಣಿಸಿದರೆ 37,80,000. ಆಸರೆ, ಪ್ರೀತಿಯ ನಷ್ಟಕ್ಕೆ 40,000, ಆಸ್ತಿ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000 ಎಂದು ಸುಪ್ರೀಂ ಕೋರ್ಟಿನ 2017ರ ತೀರ್ಪು ಹೇಳಿತು, ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ; ಮೊದಲನೆಯದನ್ನು ಮನೆಯವರಿಗೆ ತಲಾ ಕೊಡುವುದು ಆಮೇಲಿನ ತೀರ್ಪುಗಳಿಂದ ಬಂದದ್ದು. 2023ರ ಕೊನೆಯ ನಂತರದ ದರ 48,400 ಮತ್ತು 18,150. ನಾಲ್ವರಿಗೂ ಸೇರಿ ಒಟ್ಟು 40,09,900 ರೂಪಾಯಿ, ಮೇಲೆ ಬಡ್ಡಿ.

ಈ ಲೆಕ್ಕದಲ್ಲಿ ಜಗಳ ಹುಟ್ಟುವ ಜಾಗ ದುಡಿಮೆಯ ಅಂಕಿ. ತೆರಿಗೆ ಕಟ್ಟದ, ಲೆಕ್ಕಪುಸ್ತಕ ಇಡದ ವರ್ಕ್‌ಶಾಪಿನವನು ತಿಂಗಳಿಗೆ 40,000 ತರುತ್ತಿದ್ದ ಎಂಬುದಕ್ಕೆ ಸಾಕ್ಷಿ ಏನು? ವಿಮಾ ಕಂಪನಿಯ ವಕೀಲರು ಹೆಂಡತಿಯನ್ನು ಕೇಳುತ್ತಾರೆ: ನಿಮ್ಮ ಯಜಮಾನರು ದಿನಾ ಅಂಗಡಿ ತೆಗೀತಿರಲಿಲ್ಲ ಅಂದ್ರೆ ಸರೀನಾ? ಅವಳು ‘ಸುಳ್ಳು’ ಎನ್ನುತ್ತಾಳೆ. ಸೋಮಾರಿ ಎಂದು ತಾನೇ ಎಷ್ಟೋ ಸಲ ಬೈದಿದ್ದವಳು ಈಗ ಪ್ರಮಾಣ ಮಾಡಿ ಅವನನ್ನು ದುಡಿಮೆಗಾರನನ್ನಾಗಿ ನಿಲ್ಲಿಸುತ್ತಾಳೆ. ಹಣ ಬಂದ ಮೇಲೆ ಹಂಚಿಕೆ ಇನ್ನೊಂದು ಸುತ್ತು: ಮಕ್ಕಳ ಪಾಲನ್ನು ಸಾಮಾನ್ಯವಾಗಿ ಠೇವಣಿಯಲ್ಲಿಡಲು ಆದೇಶವಾಗುತ್ತದೆ, ಅತ್ತೆಗೊಂದು ಪಾಲು, ಹೆಂಡತಿಗೊಂದು. ಮರುಮದುವೆಯ ಮಾತು ಎದ್ದಿದ್ದರೆ ಆ ಪಾಲಿನ ಸುತ್ತ ಮನೆ ಎರಡಾಗುತ್ತದೆ.

ದುಃಖ ನಡೆಯುವ ಬಗೆ

ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಮೆಟ್ಟಿಲುಗಳ ಮೇಲೆ ಕಾದಂಬರಿ ಕಟ್ಟಬೇಡಿ. 1969ರಲ್ಲಿ ಅವನ್ನು ಮೊದಲು ವಿವರಿಸಿದ್ದು ಸಾಯುತ್ತಿರುವ ರೋಗಿಗಳ ಬಗ್ಗೆ, ಉಳಿದವರ ಬಗ್ಗೆ ಅಲ್ಲ. ಬರೆಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 1999ರಲ್ಲಿ ನೆದರ್‌ಲ್ಯಾಂಡ್ಸಿನ ವಿಶ್ವವಿದ್ಯಾಲಯವೊಂದರ ಇಬ್ಬರು ಮನಶ್ಶಾಸ್ತ್ರಜ್ಞರು ಮುಂದಿಟ್ಟ ಮಾತು: ಕಳಕೊಂಡವರು ಕಳಕೊಂಡದ್ದರ ಕಡೆಗೂ ಬದುಕು ಕಟ್ಟಿಕೊಳ್ಳುವ ಕಡೆಗೂ ಉಯ್ಯಾಲೆಯಂತೆ ತೂಗುತ್ತಿರುತ್ತಾರೆ, ಒಂದೇ ದಿನದಲ್ಲಿ ಹತ್ತು ಸಲ. ಬೆಳಿಗ್ಗೆ ಗ್ಯಾಸ್ ಬುಕ್ ಮಾಡಿದಳು, ಓಟಿಪಿ ಅವನ ಫೋನಿಗೆ ಹೋಯಿತು, ಫೋನು ಎಲ್ಲಿದೆ ಎಂದು ಹುಡುಕುತ್ತ ಬೀರುವಿನ ಮುಂದೆ ಕುಸಿದು ಕೂತಳು, ಹತ್ತು ನಿಮಿಷಕ್ಕೆ ಎದ್ದು ಮಗಳ ಜಡೆ ಹಾಕಿದಳು. ಒಂದೇ ದೃಶ್ಯದಲ್ಲಿ ಎರಡೂ ಇರಲಿ.

ಮನೆಯ ಇಬ್ಬರು ಒಂದೇ ಹೊತ್ತಿಗೆ ಒಂದೇ ಕಡೆಗೆ ತೂಗುವುದಿಲ್ಲ. ಮಗನನ್ನು ಕಳಕೊಂಡ ಗಂಡ ಮೂರನೇ ವಾರಕ್ಕೆ ಕೆಲಸಕ್ಕೆ ಹೊರಟರೆ ಹೆಂಡತಿಗೆ ಅದು ಕಲ್ಲುಮನಸ್ಸಾಗಿ ಕಾಣುತ್ತದೆ. ಅವನು ಬಸ್ಸಿನಲ್ಲಿ ಅಳುತ್ತಾನೆ, ಅವಳಿಗೆ ಗೊತ್ತಿಲ್ಲ. ಐದು ವರ್ಷದೊಳಗಿನ ಮಗುವಿಗೆ ಸಾವು ಮರಳಿ ಬಾರದ್ದು ಎಂಬುದು ತಿಳಿಯುವುದಿಲ್ಲ. ‘ಅಪ್ಪ ಊರಿಗೆ ಹೋಗಿದ್ದಾರೆ’ ಎಂದರೆ ಅದು ದಿನಾ ಗೇಟಿನ ಹತ್ತಿರ ನಿಲ್ಲುತ್ತದೆ, ‘ಮಲಗಿದ್ದಾರೆ’ ಎಂದರೆ ಮಲಗಲು ಹೆದರುತ್ತದೆ. ಎಂಟು ಹತ್ತರ ವಯಸ್ಸಿನವರು ತಾನು ಚಾಕಲೇಟು ತರಲು ಹೇಳಿದ್ದರಿಂದಲೇ ಅಪ್ಪ ಆ ದಾರಿಯಲ್ಲಿ ಬಂದ ಎಂದುಕೊಂಡು ಯಾರಿಗೂ ಹೇಳದೆ ಇಟ್ಟುಕೊಳ್ಳಬಹುದು. ಕಾರಿನಲ್ಲಿದ್ದು ಉಳಿದವರಿಗೆ ಬ್ರೇಕಿನ ಸದ್ದು, ಟೈರಿನ ವಾಸನೆ ಸಾಕು, ಮೈ ಬೆವರುತ್ತದೆ. ಇದು ಒಂದು ತಿಂಗಳು ದಾಟಿಯೂ ಬಿಡದಿದ್ದರೆ ಚಿಕಿತ್ಸೆ ಬೇಕಾದ ಸ್ಥಿತಿ. ಕಥೆಯಲ್ಲಿ ಯಾರಾದರೂ ಅವರನ್ನು ವೈದ್ಯರ ಹತ್ತಿರ ಕರೆದೊಯ್ಯಲಿ, ಅಥವಾ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಲಿ. ಇದೇ ದುಃಖವನ್ನು ಮನೆಯಲ್ಲಿ ಅನುಭವಿಸಿದವರೂ ನಿಮ್ಮ ಪುಸ್ತಕ ಓದುತ್ತಾರೆ, ಆ ನಂಬರು ಅವರಿಗೂ ಆದೀತು.

ಕಟ್ಟುವುದು, ನುಡಿ

ಎಪ್ಪತ್ತು ಸಾವಿರ ಪದಗಳ ಕಾದಂಬರಿಯಾದರೆ ಮೊದಲ ಹನ್ನೆರಡು ದಿನಕ್ಕೆ ಹದಿನೈದು ಸಾವಿರ, ಆರು ತಿಂಗಳವರೆಗೆ ಇಪ್ಪತ್ತೈದು, ವರ್ಷದ ತಿಥಿವರೆಗೆ ಇಪ್ಪತ್ತು, ಮುಂದಿನ ವರ್ಷಗಳಿಗೆ ಹತ್ತು. ಆರಂಭಕ್ಕೆ ಅರ್ಧ ಪುಸ್ತಕ ಕೊಟ್ಟವರಿಗೆ ಹಬ್ಬವಿಲ್ಲದ ಮೊದಲ ವರ್ಷ ಬರೆಯಲು ಜಾಗ ಉಳಿಯುವುದಿಲ್ಲ. ಒಬ್ಬಟ್ಟಿಲ್ಲದ ಯುಗಾದಿ, ಪಕ್ಷದ ಎಡೆಯಲ್ಲಿ ಅಜ್ಜ ಮುತ್ತಜ್ಜನ ಸಾಲಿಗೆ ಇಪ್ಪತ್ತೆರಡರ ಹುಡುಗನ ಫೋಟೊ ಸೇರುವುದು, ಅವನಿಗೆ ಇಷ್ಟವಾದ ಬಿರಿಯಾನಿಯನ್ನು ಎಡೆಗೆ ಇಡಬಹುದೋ ಎಂದು ಅಜ್ಜಿ ಕೇಳುವುದು ಆ ವರ್ಷದಲ್ಲೇ.

ದೃಷ್ಟಿಕೋನ ಇಬ್ಬರದು, ಹೆಚ್ಚೆಂದರೆ ಮೂವರದು. ಸತ್ತವರ ಆತ್ಮ ಕಥೆ ಹೇಳುವುದನ್ನು ಬಿಡಿ. ಮನೆಯವರಿಗೆ ಉತ್ತರ ಸಿಗದಿರುವುದು ಕಥೆಯ ಬುನಾದಿ, ಆತ್ಮ ಮಾತಾಡಿದರೆ ಅದು ಕುಸಿಯುತ್ತದೆ. ಎದುರಿನ ವಾಹನದ ಚಾಲಕನನ್ನು ಕುಡುಕ ಲಾರಿಯವನೆಂದು ಸುಮ್ಮನೆ ಮುಗಿಸಬೇಡಿ. ಅವನೂ ಎಷ್ಟು ಗಂಟೆಯಿಂದ ಓಡಿಸುತ್ತಿದ್ದ, ಅಷ್ಟು ಹೊತ್ತು ಓಡಿಸಲು ಅವನನ್ನು ಹಚ್ಚಿದ್ದು ಯಾರು ಎಂಬುದು ನಿಮಗಾದರೂ ಗೊತ್ತಿರಬೇಕು.

ಕನ್ನಡ ಇಲ್ಲಿ ನಿಮಗೆ ಬಹಳ ಕೊಡುತ್ತದೆ. ಸಾವಿಗೆ ಯಾರು ಯಾವ ಮಾತು ಬಳಸುತ್ತಾರೆ ಎಂದು ಪಟ್ಟಿ ಮಾಡಿ: ಆಮಂತ್ರಣದ ಕಾರ್ಡಿನಲ್ಲಿ ‘ದೈವಾಧೀನರಾದರು’, ಪೊಲೀಸರ ಕಾಗದದಲ್ಲಿ ‘ಮೃತಪಟ್ಟಿರುತ್ತಾರೆ’, ಅಜ್ಜಿಯ ಬಾಯಲ್ಲಿ ‘ಹೊಂಟೋದ’, ಹೆಂಡತಿಯ ಬಾಯಲ್ಲಿ ಬಹಳ ದಿನ ಏನೂ ಇಲ್ಲ, ಆಮೇಲೊಂದು ದಿನ ಶಾಲೆಯ ಫಾರಂ ತುಂಬುವಾಗ ‘ಇಲ್ಲ’. ಕ್ರಿಯಾಪದಗಳ ಕಾಲವನ್ನೂ ಕಾಯಿರಿ. ‘ಅವರಿಗೆ ಬದನೆಕಾಯಿ ಆಗಲ್ಲ’ ಎಂದವಳು ಯಾವ ತಿಂಗಳಲ್ಲಿ ‘ಆಗ್ತಿರ್ಲಿಲ್ಲ’ ಎಂದಳು ಎಂಬುದು ನಿಮ್ಮ ಹಾಳೆಯಲ್ಲಿರಲಿ. ಅದರ ಬಗ್ಗೆ ಕಥೆಯಲ್ಲಿ ಟಿಪ್ಪಣಿ ಬೇಡ, ಕಿವಿಯಿರುವ ಓದುಗನಿಗೆ ಕೇಳುತ್ತದೆ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುತ್ತಾರಲ್ಲ, ಅದನ್ನು ಕೊನೆಯ ಮಾತಾಗಿ ಬಳಸಬೇಕೆಂದು ಎಲ್ಲರಿಗೂ ಅನಿಸುತ್ತದೆ. ಬಳಸುವುದಾದರೆ ಒಂದೇ ಸಲ, ಒತ್ತಿ ಹೇಳದೆ.

ಕರಡು ಮುಗಿದ ಮೇಲೆ ಎಂವಿಸಿ ನಡೆಸುವ ವಕೀಲರೊಬ್ಬರಿಗೂ, ತುರ್ತು ಚಿಕಿತ್ಸಾ ಘಟಕದ ನರ್ಸೊಬ್ಬರಿಗೂ, ಆ ಜಾತಿಯ, ಆ ಊರಿನ ಹಿರಿಯ ಹೆಂಗಸೊಬ್ಬರಿಗೂ ಓದಲು ಕೊಡಿ. ಮೂರನೆಯವರು ಹಿಡಿಯುವ ತಪ್ಪುಗಳೇ ಹೆಚ್ಚು.

ಕೊನೆಯ ಅಧ್ಯಾಯಕ್ಕೆ ಕೋರ್ಟಿನ ಆದೇಶ ಒಗ್ಗುವುದಿಲ್ಲ, ಮೇಲ್ಮನವಿ ಇದ್ದೇ ಇರುತ್ತದೆ. ಕಾರನ್ನು ನೋಡಿ. ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಮುಗಿಯುವವರೆಗೆ ಅದು ಠಾಣೆಯ ಮುಂದೆ ನಿಂತಿರುತ್ತದೆ, ಬಿಡಿಸಿಕೊಳ್ಳಲು ಅರ್ಜಿ, ಬಾಂಡು ಬೇಕು, ಎಷ್ಟೋ ಮನೆಯವರು ಹೋಗುವುದೇ ಇಲ್ಲ. ಮಳೆಗಾಲ ಎರಡು ಕಳೆದು ಚಕ್ರದ ಸುತ್ತ ಹುಲ್ಲು ಬೆಳೆದಿರುತ್ತದೆ. ಗುಜರಿಗೆ ಹಾಕುವುದಾದರೆ ಆರ್‌ಸಿ ರದ್ದು ಮಾಡಿಸಬೇಕು, ಒಳಗಿರುವ ಸಾಮಾನು ಯಾರಾದರೂ ಹೋಗಿ ತೆಗೆದುಕೊಳ್ಳಬೇಕು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಏನಿದೆ, ಅದನ್ನು ತರಲು ಮನೆಯವರಲ್ಲಿ ಯಾರು ಹೋಗುತ್ತಾರೆ ಎಂಬುದನ್ನು ಮೊದಲ ದಿನವೇ ಗೋಡೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.